ಒಬ್ಬರೇ ಕಡಲೂರಿಗೆ ಹೊರಟರೆ: ಬುಸಾನ್, ಸೊಕ್ಚೊ ಮತ್ತು ನನ್ನ ಆಯ್ಕೆಯ ಗಾಂಗ್‌ನುಂಗ್

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಿಂದ ಶನಿವಾರ ಬೆಳಿಗ್ಗೆ ಹೊರಡಬೇಕು, ಭಾನುವಾರ ರಾತ್ರಿ ಮನೆ ಸೇರಬೇಕು, ಜೊತೆಗೆ ಯಾರೂ ಇಲ್ಲ, ಕಣ್ತುಂಬ ಸಮುದ್ರ ನೋಡಬೇಕು. ಹೀಗೆಂದು ಸಲಹೆ ಕೇಳುವ ಕನ್ನಡಿಗರು ಇಲ್ಲಿ ಆಗಾಗ ಸಿಗುತ್ತಾರೆ. ಹೆಚ್ಚಿನವರು ಬುಸಾನ್ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಕೇಳುತ್ತಾರೆ. ನಾನು ಹೇಳುವುದು ಗಾಂಗ್‌ನುಂಗ್. ಬುಸಾನ್, ಸೊಕ್ಚೊ, ಗಾಂಗ್‌ನುಂಗ್ ಮೂರಕ್ಕೂ ಒಬ್ಬಳೇ ಹೋಗಿ, ತಂಗಿ, ಉಂಡು, ಕಾಲು ನೋಯುವಷ್ಟು ನಡೆದು ಬಂದ ಮೇಲೆ ಹೇಳುತ್ತಿರುವ ಮಾತು ಇದು.

ನನ್ನ ಪದ್ಧತಿ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತೀರ್ಪು ನಿಂತಿರುವುದೇ ಅದರ ಮೇಲೆ. ನಾನು ಮಾಂಸ, ಮೀನು ತಿನ್ನುವುದಿಲ್ಲ, ಮೊಟ್ಟೆ ಆಗುತ್ತದೆ. ಕುಡಿಯುವುದಿಲ್ಲ, ಹಾಗಾಗಿ ರಾತ್ರಿ ಹತ್ತರ ನಂತರ ಊರು ಎಷ್ಟು ಜಗಮಗಿಸಿದರೂ ನನಗೆ ಅದರಿಂದ ಪ್ರಯೋಜನವಿಲ್ಲ. ಬೆಳಗಿನ ಜಾವ ಏಳುತ್ತೇನೆ. ಬಸ್ಸಿಗಿಂತ ನಡಿಗೆ ಇಷ್ಟ. ಎರಡು ದಿನಕ್ಕೆ ಎರಡು ಲಕ್ಷ ವೋನ್ ದಾಟಬಾರದು ಎಂಬುದು ನಾನೇ ಹಾಕಿಕೊಂಡ ಗೆರೆ.

ಆ ಗೆರೆಯ ಕಾರಣಕ್ಕೆ ದುಡ್ಡಿನ ಮಾತು ಮೊದಲು. ಸೋಲ್‌ನಿಂದ ಬುಸಾನ್‌ಗೆ ಕೆಟಿಎಕ್ಸ್ ವೇಗದ ರೈಲಿನ ಸಾಮಾನ್ಯ ದರ್ಜೆಗೆ 59,800 ವೋನ್. ಎರಡೂವರೆಯಿಂದ ಮೂರು ಗಂಟೆಯ ದಾರಿ. ಗಾಂಗ್‌ನುಂಗ್‌ಗೆ 27,600 ವೋನ್; ಸುಮಾರು ಎರಡು ಗಂಟೆ. ಹೋಗಿಬರುವ ಲೆಕ್ಕದಲ್ಲಿ 64,400 ವೋನ್ ಅಂತರ. ಇಬ್ಬರು ಹೋದಾಗ ಕೋಣೆಯ ಬಾಡಿಗೆ ಅರ್ಧರ್ಧವಾಗುತ್ತದೆ. ಒಬ್ಬರೇ ಹೋದಾಗ ಪೂರ್ತಿ ನಮ್ಮ ತಲೆಯ ಮೇಲೆ. ಶನಿವಾರದ ರಾತ್ರಿಯ ಬಾಡಿಗೆ ವಾರದ ದಿನಗಳಿಗಿಂತ ಎಲ್ಲ ಕಡೆಯೂ ಹೆಚ್ಚು. ಬೇಸಿಗೆ ರಜೆಯ ಜುಲೈ, ಆಗಸ್ಟ್ ಬಿಟ್ಟರೆ, ರೈಲಿನಲ್ಲಿ ಉಳಿದ ಆ ಹಣದಲ್ಲೇ ಗಾಂಗ್‌ನುಂಗ್‌ನಲ್ಲಿ ಸಮುದ್ರದಿಂದ ಒಂದು ಬೀದಿ ಹಿಂದಿನ ಪುಟ್ಟ ಕೋಣೆ ನನಗೆ ದಕ್ಕಿದೆ. ಬುಸಾನ್‌ಗೂ ಅಗ್ಗದ ರೈಲಿದೆ: ಮುಗುಂಗ್ವಾ, 28,600 ವೋನ್. ಅದು ಐದೂವರೆ ಗಂಟೆ ತೆಗೆದುಕೊಳ್ಳುವುದರಿಂದ ಶನಿವಾರದ ಹಗಲು ಕಿಟಕಿಯ ಪಕ್ಕದಲ್ಲೇ ಕಳೆದುಹೋಗುತ್ತದೆ.

ಗಾಂಗ್‌ನುಂಗ್‌ಗೆ ಈ ವೇಗದ ರೈಲು ಬಂದದ್ದು 2017ರ ಡಿಸೆಂಬರ್‌ನಲ್ಲಿ, 2018ರ ಚಳಿಗಾಲದ ಒಲಿಂಪಿಕ್ಸ್ ಸಲುವಾಗಿ. ಅದಕ್ಕೆ ಮೊದಲು ಹಳೆಯ ಹಳಿಯಲ್ಲಿ ಐದಾರು ಗಂಟೆ ಹಿಡಿಯುತ್ತಿತ್ತು. ಕೊರಿಯಾದ ಹಳೆಯ ಪ್ರವಾಸ ಪುಸ್ತಕ ಹಿಡಿದವರು ಈ ಊರನ್ನು ದೂರದ್ದೆಂದು ಇಂದಿಗೂ ಬಿಟ್ಟುಬಿಡುವುದಕ್ಕೆ ಇದೇ ಕಾರಣವಿರಬೇಕು.

ಸೊಕ್ಚೊಗೆ ರೈಲಿಲ್ಲ, ಬಸ್ಸೇ ಗತಿ. ದಾರಿ ಖಾಲಿ ಇದ್ದರೆ ಎರಡೂವರೆ ಗಂಟೆ. ಹೋಗುವಾಗ ಹನ್ನೊಂದು ಕಿಲೊಮೀಟರ್ ಉದ್ದದ ಇಂಜೆ–ಯಾಂಗ್ಯಾಂಗ್ ಸುರಂಗ ದಾಟುವುದೇ ಒಂದು ಅನುಭವ. ಭಾನುವಾರ ಸಂಜೆ ಅದೇ ಹೆದ್ದಾರಿಯಲ್ಲಿ ಇಡೀ ಸೋಲ್ ನಗರವೇ ಹಿಂದಿರುಗುತ್ತಿರುತ್ತದೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರಿಗೆ ಆ ಪ್ರಯಾಣ ಬೇಡ.

ಇನ್ನು ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಕೊರಿಯಾದ ಪ್ರವಾಸಿ ಊರುಗಳಲ್ಲಿ ಒಬ್ಬರೇ ಹೋದವರನ್ನು ಕಾಡುವುದು ಭಾಷೆಯೂ ಅಲ್ಲ, ಸುರಕ್ಷತೆಯೂ ಅಲ್ಲ. ಇಬ್ಬರಿಗಿಂತ ಕಡಿಮೆ ಇದ್ದರೆ ಬಡಿಸುವುದಿಲ್ಲ ಎನ್ನುವ ಊಟದ ಮನೆಗಳು.

ಸೊಕ್ಚೊದಲ್ಲಿ ಸೊರಾಕ್ ಬೆಟ್ಟದಿಂದ ಇಳಿದು ಬಂದಿದ್ದೆ. ಬೆಟ್ಟದ ಬುಡದ ಹೋಟೆಲುಗಳಲ್ಲಿ ಕಾಡಿನ ಸೊಪ್ಪುಗಳ ಊಟ ಸಿಗುತ್ತದೆ. ಬೇಯಿಸಿ ಎಳ್ಳೆಣ್ಣೆಯಲ್ಲಿ ಕಲಸಿದ ಹತ್ತಾರು ಬಗೆಯ ಸೊಪ್ಪು, ಬೇರು, ಅಣಬೆ. ಪ್ರತಿಯೊಂದೂ ಬೇರೆ ಬೇರೆ ಬಟ್ಟಲಿನಲ್ಲಿ, ಮೇಜಿನ ಅಂಚಿನಿಂದ ಅಂಚಿಗೆ. ಸಸ್ಯಾಹಾರಿಗೆ ಕೊರಿಯಾದಲ್ಲಿ ಇದಕ್ಕಿಂತ ದೊಡ್ಡ ಔತಣವಿಲ್ಲ. ಬಾಗಿಲಲ್ಲಿ ನಿಂತು ಒಂದು ಬೆರಳು ಎತ್ತಿ ತೋರಿಸಿದೆ. ಯಜಮಾನಿ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡಡ್ಡ ಇಟ್ಟು ತೋರಿಸಿದರು. ಇಲ್ಲ, ಆಗುವುದಿಲ್ಲ ಎನ್ನುವುದಕ್ಕೆ ಇಲ್ಲಿನವರು ಮಾಡುವ ಸನ್ನೆ ಅದು. ಇಬ್ಬರ ದುಡ್ಡು ಕೊಡುತ್ತೇನೆ ಎಂದೆ. ನಾಲ್ಕು ಜನ ಕೂರುವ ಮೇಜು, ಶನಿವಾರದ ಮಧ್ಯಾಹ್ನ, ಹೊರಗೆ ಸಾಲು ಬೇರೆ. ಅವರು ಮತ್ತೆ ಅದೇ ಸನ್ನೆ ಮಾಡಿದರು. ಪಕ್ಕದ ಹೋಟೆಲಿನಲ್ಲೂ ಅದೇ ಉತ್ತರ. ಕೊನೆಗೆ ಅದೇ ಸೊಪ್ಪುಗಳನ್ನು ಅನ್ನದ ಮೇಲೆ ಹಾಕಿದ ಬಿಬಿಂಬಾಪ್ ಒಬ್ಬರಿಗೆ ಕೊಡುತ್ತೇವೆ ಎಂದ ಕಡೆ ಕುಳಿತೆ. ಅದು ರುಚಿಯಾಗಿಯೇ ಇತ್ತು. ಆದರೆ ನಾನು ಅಷ್ಟು ದೂರ ಬಂದದ್ದು ಆ ಬಟ್ಟಲುಗಳ ಸಾಲಿಗಾಗಿ, ಅದರ ಬೇಸರ ಇನ್ನೂ ಹೋಗಿಲ್ಲ.

ಅವರ ಕಷ್ಟ ನನಗೆ ತಿಳಿಯುತ್ತದೆ. ಇಲ್ಲಿ ಪಲ್ಯ, ಉಪ್ಪಿನಕಾಯಿಗಳಿಗೆ ಬೇರೆ ದರವಿಲ್ಲ, ಮುಗಿದರೆ ಮತ್ತೆ ತಂದಿಡುತ್ತಾರೆ. ಒಬ್ಬರಿಗಾಗಲಿ ನಾಲ್ವರಿಗಾಗಲಿ ಅಷ್ಟೂ ಬಟ್ಟಲು ತುಂಬಬೇಕು, ತೊಳೆಯಬೇಕು. ಮೇಜಿನ ನಡುವೆ ಒಲೆಯ ಮೇಲೆ ಕುದಿಯುವ ಅಡುಗೆಗಳಂತೂ ಒಂದೇ ಪಾತ್ರೆಯಿಂದ ಎಲ್ಲರೂ ಬಡಿಸಿಕೊಳ್ಳುವಂಥವು. ಸೋಲ್‌ನಲ್ಲಿ ಒಬ್ಬರೇ ಉಣ್ಣುವವರು ಈಗ ಎಷ್ಟಾಗಿದ್ದಾರೆಂದರೆ ಅವರಿಗಾಗಿಯೇ ಗೋಡೆಗೆ ಮುಖಮಾಡಿದ ಸಾಲು ಕುರ್ಚಿಗಳಿವೆ. ಕಡಲೂರುಗಳ ಪ್ರವಾಸಿ ಬೀದಿಗಳಿಗೆ ಆ ವ್ಯವಸ್ಥೆ ಸಾಕಷ್ಟು ಬಂದಿಲ್ಲ.

ಕೊರಿಯನ್ ಓದಲು ಬಾರದವರಿಗೂ ಒಂದು ಉಪಾಯವಿದೆ. ದರಪಟ್ಟಿಯಲ್ಲಿ ಅಡುಗೆಯ ಹೆಸರಿನ ಪಕ್ಕದಲ್ಲಿ ಆವರಣದೊಳಗೆ 2 ಎಂಬ ಅಂಕಿ ಇದ್ದರೆ ಅದು ಕನಿಷ್ಠ ಇಬ್ಬರಿಗೆ ಎಂದು ಬಹುಪಾಲು ನಂಬಬಹುದು. ಅಂಕಿ ಇಲ್ಲದಿದ್ದರೆ ಒಳಗೆ ಹೋಗುವ ಮೊದಲೇ "ಹೊಂಜಾದೊ ದ್ವೆಯೊ?" ಎಂದು ಕೇಳಿ, ಒಬ್ಬರಾದರೂ ಪರವಾಗಿಲ್ಲವೇ ಎಂದು. ಹನ್ನೊಂದೂವರೆಗೆ ಮೊದಲು ಹೋದರೆ ಹೂಂ ಎನ್ನುವ ಸಾಧ್ಯತೆ ಹೆಚ್ಚು. ಮೂರರಿಂದ ಐದರವರೆಗೆ ಬಹಳ ಕಡೆ ಅಡುಗೆಮನೆ ಮುಚ್ಚಿರುತ್ತದೆ ಎನ್ನುವುದೂ ನೆನಪಿರಲಿ.

ಬುಸಾನ್‌ನಲ್ಲಿ ಇದೇ ಜೋಡಿ ಲೆಕ್ಕ ಬೇರೆ ರೂಪದಲ್ಲಿ ಎದುರಾಯಿತು. ಹೆಉಂದೆ ಕಡಲತೀರದ ಪೂರ್ವ ತುದಿಯ ಮಿಪೊದಿಂದ ಹಳೆಯ ರೈಲು ಮಾರ್ಗವನ್ನು ಪ್ರವಾಸಿಗಳಿಗಾಗಿ ಬದಲಾಯಿಸಿದ್ದಾರೆ. ಎತ್ತರದ ಹಳಿಯ ಮೇಲೆ ಬಣ್ಣಬಣ್ಣದ ಪುಟ್ಟ ಕ್ಯಾಪ್ಸೂಲ್ ಗಾಡಿಗಳು ಸಮುದ್ರದ ಪಕ್ಕದಲ್ಲೇ ನಿಧಾನವಾಗಿ ಹೋಗುತ್ತವೆ. ಬುಸಾನ್‌ನ ಚಿತ್ರಗಳಲ್ಲಿ ಎಲ್ಲರೂ ನೋಡಿರುವುದು ಅವನ್ನೇ. ಅಲ್ಲಿ ಟಿಕೆಟ್ ತಲೆಗೆ ಇಷ್ಟು ಎಂದಲ್ಲ, ಗಾಡಿಗೆ ಇಷ್ಟು. ಒಬ್ಬರು ಕೂತರೂ ಇಬ್ಬರು ಕೂತರೂ ಒಂದೇ ದರ. ಕೆಳಗಿನ ಹಳಿಯಲ್ಲಿ ಸೊಂಗ್ಜೊಂಗ್‌ವರೆಗೆ 4.8 ಕಿಲೊಮೀಟರ್ ಓಡುವ ಬೀಚ್ ರೈಲಿಗೆ ಮಾತ್ರ ತಲೆಲೆಕ್ಕದ ಟಿಕೆಟ್. ಒಬ್ಬರೇ ಹೋದವರು ಅದನ್ನೇ ಹತ್ತಿ. ಆಸನಗಳು ಸಮುದ್ರದ ಕಡೆಗೇ ಮುಖಮಾಡಿವೆ, ಏನೂ ತಪ್ಪುವುದಿಲ್ಲ.

ಬುಸಾನ್ ಕೆಟ್ಟ ಆಯ್ಕೆ ಎಂದು ನಾನು ಹೇಳುತ್ತಿಲ್ಲ. ಅದು ಕೊರಿಯಾದ ಎರಡನೇ ದೊಡ್ಡ ನಗರ. ಎರಡು ದಿನಕ್ಕೆ ಹಿಡಿಸದಷ್ಟು ದೊಡ್ಡದು ಎನ್ನುವುದೇ ನನ್ನ ತಕರಾರು. ರೈಲ್ವೆ ನಿಲ್ದಾಣ ಹಳೆಯ ಪಟ್ಟಣದಲ್ಲಿದೆ, ಹೆಸರುವಾಸಿ ಕಡಲತೀರ ನಗರದ ಇನ್ನೊಂದು ತುದಿಯಲ್ಲಿದೆ. ಮೆಟ್ರೊದಲ್ಲಿ ಒಂದನೇ ಮಾರ್ಗ ಹಿಡಿದು ಸೊಮ್ಯೊನ್‌ನಲ್ಲಿ ಎರಡನೇ ಮಾರ್ಗಕ್ಕೆ ಬದಲಿಸಿ ಹೆಉಂದೆ ಸೇರುವ ಹೊತ್ತಿಗೆ ಮುಕ್ಕಾಲು ಗಂಟೆಯ ಮೇಲಾಗುತ್ತದೆ. ಬಂಡೆಗಳ ಮೇಲೆ ಸಮುದ್ರಕ್ಕೆ ಆತುಕೊಂಡಿರುವ ಹೆದೊಂಗ್ ಯೊಂಗುಂಗ್ಸಾ ದೇವಾಲಯಕ್ಕೆ ಅಲ್ಲಿಂದ ಮತ್ತೆ ಬಸ್, ವಾರಾಂತ್ಯದಲ್ಲಿ ಆ ರಸ್ತೆಯ ತುಂಬ ಕಾರುಗಳು. ಗುಡ್ಡದ ಮೇಲೆ ಬಣ್ಣದ ಮನೆಗಳ ಗಾಮ್‌ಚೊನ್ ಹಳ್ಳಿ ಪೂರ್ತಿ ಎದುರು ದಿಕ್ಕು. ಎರಡನ್ನೂ ಒಂದೇ ದಿನ ನೋಡಲು ಹೊರಟರೆ ಸಮುದ್ರಕ್ಕಿಂತ ಮೆಟ್ರೊ ಸುರಂಗವನ್ನೇ ಹೆಚ್ಚು ನೋಡುತ್ತೀರಿ.

ಆದರೂ ಬುಸಾನ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಜಾಗ ಒಂದಿದೆ: ವಿಶ್ವಸಂಸ್ಥೆಯ ಸ್ಮಾರಕ ಸ್ಮಶಾನ. ಕೊರಿಯಾ ಯುದ್ಧದಲ್ಲಿ ಮಡಿದ ಹಲವು ದೇಶಗಳ ಸೈನಿಕರು ಅಲ್ಲಿದ್ದಾರೆ. ವಿಶ್ವಸಂಸ್ಥೆಯ ಇಂತಹ ಸ್ಮಶಾನ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಭಾರತ ಆ ಯುದ್ಧಕ್ಕೆ ಕಳುಹಿಸಿದ್ದು ಹೋರಾಡುವ ಪಡೆಯನ್ನಲ್ಲ, 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು; ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅದರ ಮುಂದಾಳು. ಕತ್ತರಿಸಿದ ಹುಲ್ಲಿನ ನಡುವೆ ನೆಲಮಟ್ಟದ ಫಲಕಗಳ ಸಾಲುಗಳನ್ನು ಓದುತ್ತಾ ನಡೆಯಲು ಒಬ್ಬರೇ ಇರುವುದೇ ಒಳ್ಳೆಯದು. ಪ್ರವೇಶಕ್ಕೆ ಹಣವಿಲ್ಲ. ಹೆಉಂದೆಗೆ ಹೋಗಿ ಇದನ್ನು ಬಿಟ್ಟುಬರುವ ಭಾರತೀಯರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಬುಸಾನ್‌ನಲ್ಲಿ ಊಟ ನನಗೆ ಕಷ್ಟವೇ ಆಯಿತು. ಊರಿನ ಹೆಮ್ಮೆಯ ಗುಕ್ಬಾಪ್ ಹಂದಿ ಮಾಂಸದ ಸಾರು. ಮೀನಿನ ಉಂಡೆಯ ಸಾರು, ತಣ್ಣನೆಯ ಮಿಲ್‌ಮ್ಯೊನ್ ಶ್ಯಾವಿಗೆಯ ಮಾಂಸದ ಸಾರು, ಎಲ್ಲವೂ ನನ್ನ ಪಟ್ಟಿಯಿಂದ ಹೊರಗೆ. ನಾಂಪೊ ಬೀದಿಯಲ್ಲಿ ಕರಿದು, ಹೊಟ್ಟೆ ಸೀಳಿ, ಸಕ್ಕರೆಯೊಂದಿಗೆ ಸೂರ್ಯಕಾಂತಿ, ಕುಂಬಳದ ಬೀಜಗಳನ್ನು ತುಂಬಿ ಕಾಗದದ ಲೋಟದಲ್ಲಿಟ್ಟು ಕೊಡುವ ಹೊತ್ತೊಕ್ ಎಂಬ ಸಿಹಿ ರೊಟ್ಟಿಯನ್ನು ಮಾತ್ರ ಎರಡೆರಡು ಬಾರಿ ತಿಂದೆ. ನಿಂತು ತಿನ್ನುವ ತಿಂಡಿ, ಒಬ್ಬರಿಗೆ ಒಂದು.

ಶನಿವಾರ ರಾತ್ರಿ ಗ್ವಾಂಗಾಲ್ಲಿ ತೀರದಲ್ಲಿ ಸೇತುವೆಯ ಮುಂದೆ ಡ್ರೋನ್‌ಗಳ ಬೆಳಕಿನ ಪ್ರದರ್ಶನವಿರುತ್ತದೆ. ಚೆನ್ನಾಗಿದೆ, ಜನಸಂದಣಿ ವಿಪರೀತ.

ಗಾಂಗ್‌ನುಂಗ್‌ನ ವಿಷಯವೇ ಬೇರೆ, ಅಲ್ಲಿ ಒಬ್ಬರ ಊಟ ಊರಿನ ಮುಖ್ಯ ಊಟವೇ ಆಗಿದೆ. ಚೊದಾಂಗ್ ಎಂಬ ಬಡಾವಣೆಯಲ್ಲಿ ತೋಫು ಮಾಡುವ ಮನೆಗಳ ಬೀದಿಯಿದೆ. ನೆನೆಸಿದ ಸೋಯಾ ಕಾಳನ್ನು ರುಬ್ಬಿ, ಕಾಯಿಸಿ, ಸೋಸಿ, ಆ ಹಾಲನ್ನು ಒಡೆಯಲು ಸಮುದ್ರದ ನೀರನ್ನೇ ಬಳಸುವುದು ಇಲ್ಲಿನ ರೂಢಿ. ಹದಿನಾರನೇ ಶತಮಾನದಲ್ಲಿ ಇಲ್ಲಿದ್ದ ಹೊ ಯೊಪ್ ಎಂಬ ಅಧಿಕಾರಿ ಈ ಕ್ರಮ ಶುರುಮಾಡಿದರೆಂದೂ, ಅವರ ಕಾವ್ಯನಾಮವಾದ ಚೊದಾಂಗ್ ಎನ್ನುವುದೇ ಊರಿಗೆ ನಿಂತಿತೆಂದೂ ಸ್ಥಳೀಯರು ಹೇಳುತ್ತಾರೆ. ಅವರ ಮಗಳು ಹೊ ನಾನ್‌ಸೊಲ್ಹೊನ್ ಕೊರಿಯಾದ ಹೆಸರಾಂತ ಕವಯಿತ್ರಿ. ಆಕೆಯ ಹೆಸರಿನ ಉದ್ಯಾನ, ಎತ್ತರದ ಪೈನ್ ಮರಗಳ ನಡುವೆ ಒಂದು ಹಳೆಯ ಮನೆಯೊಂದಿಗೆ, ಅಲ್ಲೇ ಪಕ್ಕದಲ್ಲಿದೆ.

ಬೆಳಿಗ್ಗೆ ಬೇಗನೆ ಬಾಗಿಲು ತೆಗೆಯುವ ಆ ಮನೆಗಳಲ್ಲಿ ಬಿಳಿ ಸುಂದುಬು ಕೇಳಿ. ಕೆಂಪಗೆ ಕುದಿಯುವ ಬಗೆಯಲ್ಲಿ ಚಿಪ್ಪು, ಸೀಗಡಿ ಇರುತ್ತವೆ, ಅದು ಬೇಡ. ಬಿಳಿಯದರಲ್ಲಿ ಒಂದು ಬಟ್ಟಲಿನ ತುಂಬ ಬಿಸಿ ತೋಫು, ಅದರದೇ ತಿಳಿನೀರಿನಲ್ಲಿ ಮುಳುಗಿರುತ್ತದೆ. ಚಮಚ ಇಟ್ಟರೆ ಗಿಣ್ಣಿನ ಹಾಗೆ ಅಲುಗಿ, ಅಂಚು ಒಡೆದು ಬರುತ್ತದೆ. ಮೊದಲ ತುತ್ತನ್ನು ಏನೂ ಬೆರೆಸದೆ ತಿನ್ನಿ. ಉಪ್ಪು ನಾಲಿಗೆಗೆ ತಕ್ಷಣ ಸಿಗುವುದಿಲ್ಲ, ನುಂಗಿದ ಮೇಲೆ ನಿಧಾನವಾಗಿ ಬರುತ್ತದೆ. ಆಮೇಲೆ ಈರುಳ್ಳಿ ಸೊಪ್ಪು, ಮೆಣಸಿನ ಪುಡಿ, ಎಳ್ಳು ಬಿದ್ದ ಸೋಯಾ ಸಾಸ್ ಅರ್ಧ ಚಮಚ. ಜೊತೆಗೆ ಅನ್ನ, ಮೂರು ನಾಲ್ಕು ಬಟ್ಟಲು ಪಲ್ಯ. ತರಕಾರಿ ಹುಳಿ ಬರಿಸಿ ಮಾಡುವ ಕಿಮ್ಚಿಯಲ್ಲಿ ಮೀನಿನ ಅಥವಾ ಸೀಗಡಿಯ ಉಪ್ಪುರಸ ಇರುವುದೇ ಹೆಚ್ಚು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಅದನ್ನು ಪಕ್ಕಕ್ಕಿಡಬೇಕು. ಹತ್ತು ಹನ್ನೆರಡು ಸಾವಿರ ವೋನ್‌ನಲ್ಲಿ ಹೊಟ್ಟೆ ತುಂಬುತ್ತದೆ. ಮುಖ್ಯವಾಗಿ, ನಾನು ಒಂದು ಬೆರಳು ಎತ್ತಿದಾಗ ಬಡಿಸುವಾಕೆ ತಲೆಯಾಡಿಸಿ ಕಿಟಕಿಯ ಪಕ್ಕದ ಮೇಜು ತೋರಿಸಿದರು. ಇನ್ನೊಬ್ಬರು ಬರುತ್ತಾರೆಯೇ ಎಂದು ಯಾರೂ ಕೇಳಲಿಲ್ಲ.

ಊಟ ಮುಗಿಸಿ ಪೈನ್ ತೋಪಿನೊಳಗೆ ನುಗ್ಗಿದರೆ ಹತ್ತು ಹದಿನೈದು ನಿಮಿಷದಲ್ಲಿ ಗಾಂಗ್‌ಮುನ್ ತೀರ. ಅಲ್ಲಿಂದ ದಕ್ಷಿಣಕ್ಕೆ ಸೊಂಗ್ಜೊಂಗ್ ತೀರ (ಬುಸಾನ್‌ನದಲ್ಲ, ಅದೇ ಹೆಸರಿನ ಇಲ್ಲಿನದು) ದಾಟಿ ಆನ್‌ಮೊಕ್‌ವರೆಗೆ ಒಂದು ಬದಿಗೆ ಮರ, ಒಂದು ಬದಿಗೆ ಮರಳು. ಬಿಸಿಲು ಹೆಚ್ಚಾದರೆ ಮರದ ಕೆಳಗೆ, ಗಾಳಿ ಕಡಿಮೆಯಾದರೆ ನೀರಿನ ಅಂಚಿಗೆ. ನಮ್ಮ ಕರಾವಳಿಗೆ ಹೋಲಿಸಿದರೆ ನೀರು ಬಹಳ ತಿಳಿ, ಆದರೆ ನಾಲ್ಕು ಹೆಜ್ಜೆಗೇ ಆಳವಾಗುತ್ತದೆ. ಒಬ್ಬರೇ ಇರುವಾಗ ಕಾವಲುಗಾರರಿಲ್ಲದ ತಿಂಗಳುಗಳಲ್ಲಿ ಇಳಿಯಬೇಡಿ.

ನಡಿಗೆಯ ಕೊನೆಗೆ ಆನ್‌ಮೊಕ್‌ನ ಕಾಫಿ ಬೀದಿ. ನಾಣ್ಯ ಹಾಕಿ ಕಾಫಿ ಪಡೆಯುವ ಯಂತ್ರಗಳ ಸಾಲಿನಿಂದ ಶುರುವಾದ ಈ ಬೀದಿಯಲ್ಲಿ ಈಗ ಎರಡು ಮೂರು ಮಹಡಿಯ ಕಾಫಿ ಮನೆಗಳು ಸಮುದ್ರದ ಎದುರು ಒತ್ತಾಗಿ ನಿಂತಿವೆ. 2009ರಿಂದ ಊರಿನಲ್ಲಿ ಕಾಫಿ ಹಬ್ಬವೂ ನಡೆಯುತ್ತಿದೆ. ಚಿಕ್ಕಮಗಳೂರಿನ ತೋಟದ ನಡುವೆ ಬೆಳೆದ ನಾನು ಕಾಫಿಯ ವಿಷಯದಲ್ಲಿ ಸುಲಭಕ್ಕೆ ಒಪ್ಪುವವಳಲ್ಲ. ಇಲ್ಲಿ ಒಪ್ಪಿದೆ. ತಾವೇ ಹುರಿಯುವ ಅಂಗಡಿಗೆ ಹೋಗಿ, ಡ್ರಿಪ್ ಕಾಫಿ ಹೇಳಿ, ಮೇಲಿನ ಮಹಡಿಯಲ್ಲಿ ಗಾಜಿನ ಪಕ್ಕದ ಒಂಟಿ ಕುರ್ಚಿ ಹಿಡಿಯಿರಿ. ಒಂದು ಲೋಟ ಇಟ್ಟುಕೊಂಡು ಎರಡು ಗಂಟೆ ಕುಳಿತರೂ ಯಾರೂ ಏಳಿ ಎನ್ನುವುದಿಲ್ಲ. ಹಾಲು, ಚಿಕೋರಿಯ ರುಚಿ ಹುಡುಕುವವರಿಗೆ ಇದು ಹಿಡಿಸಲಿಕ್ಕಿಲ್ಲ.

ಭಾನುವಾರ ನಾನು ಓಜುಖೊನ್ ನೋಡಿದೆ. ಕಪ್ಪು ಬಿದಿರಿನ ಹಿತ್ತಿಲಿರುವ ಹಳೆಯ ಮನೆ. ಚಿಂತಕ ಯಿ ಐ ಹುಟ್ಟಿದ್ದು ಇಲ್ಲಿ, 1536ರಲ್ಲಿ. ಅವರ ತಾಯಿ, ಚಿತ್ರಕಲಾವಿದೆ ಶಿನ್ ಸೈಮ್‌ದಾಂಗ್ ಅವರ ತವರೂ ಇದೇ. ಕೊರಿಯಾದ 5,000 ವೋನ್ ನೋಟಿನಲ್ಲಿ ಮಗ ಇದ್ದಾರೆ, 50,000 ವೋನ್ ನೋಟಿನಲ್ಲಿ ತಾಯಿ. ನೋಟು ಕೈಯಲ್ಲಿ ಹಿಡಿದು ನೋಡಿ, ಮಗನ ಹಿಂದೆ ಆ ಮನೆಯೂ ಬಿದಿರೂ ಅಚ್ಚಾಗಿವೆ.

ಜೊಂಗ್‌ದೊಂಗ್‌ಜಿನ್‌ಗೆ ಸಮಯವಿದ್ದರೆ ಹೋಗಿ. ಸ್ವಲ್ಪ ಹೊತ್ತಿನ ರೈಲು ದಾರಿ, ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಮರಳು. ಸೂರ್ಯೋದಯಕ್ಕೆಂದು ಅಲ್ಲಿಗೆ ಧಾವಿಸುವ ಅಗತ್ಯವಿಲ್ಲ. ಇಡೀ ತೀರ ಪೂರ್ವಕ್ಕೆ ತೆರೆದಿದೆ, ಕೋಣೆಯಿಂದ ಹೊರಬಂದರೆ ಅದೇ ಸೂರ್ಯ ಆನ್‌ಮೊಕ್‌ನಲ್ಲೂ ಸಿಗುತ್ತಾನೆ. ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನ ಬಂಡೆಗಳ ಅಂಚಿನ ನಡಿಗೆ ದಾರಿ. ಸೈನಿಕರು ಗಸ್ತು ತಿರುಗುತ್ತಿದ್ದ ಆ ದಾರಿಯನ್ನು ಜನರಿಗೆ ತೆರೆದದ್ದು 2016ರಲ್ಲಿ. 1996ರ ಸೆಪ್ಟೆಂಬರ್‌ನಲ್ಲಿ ಉತ್ತರ ಕೊರಿಯಾದ ಜಲಾಂತರ್ಗಾಮಿಯೊಂದು ಸಿಕ್ಕಿಹಾಕಿಕೊಂಡದ್ದು ಇದೇ ಕರಾವಳಿಯಲ್ಲಿ. ಅಲೆ ಜೋರಿದ್ದ ದಿನ ದಾರಿ ಮುಚ್ಚುತ್ತಾರೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಗಾಂಗ್‌ನುಂಗ್‌ನ ಕೊರತೆಗಳನ್ನೂ ಹೇಳಬೇಕು. ಬಸ್ಸುಗಳು ವಿರಳ, ಒಂದು ತಪ್ಪಿದರೆ ಅರ್ಧ ಗಂಟೆ ಕಾಯಬೇಕಾಗಬಹುದು. ನಿಲ್ದಾಣದಿಂದ ಆನ್‌ಮೊಕ್‌ಗೆ ಟ್ಯಾಕ್ಸಿ ಹತ್ತು ಸಾವಿರ ವೋನ್ ಒಳಗೇ ಆಗುವುದರಿಂದ ನಾನು ಅದಕ್ಕೇ ಕೊಡುತ್ತೇನೆ. ರಾತ್ರಿ ಒಂಬತ್ತಕ್ಕೆ ಬೀದಿಗಳು ಖಾಲಿ. ಇಡೀ ದಿನ ಮಳೆ ಸುರಿದರೆ ಬುಸಾನ್‌ನಲ್ಲಿ ಹತ್ತು ದಾರಿಗಳಿವೆ, ಇಲ್ಲಿ ಕಾಫಿ ಮನೆಯೊಂದೇ. ವಸಂತದಲ್ಲಿ ಬೆಟ್ಟದಿಂದ ಇಳಿಯುವ ಗಾಳಿ ಭಯಂಕರ. 2023ರ ಏಪ್ರಿಲ್‌ನಲ್ಲಿ ಇಲ್ಲಿನ ಗ್ಯೊಂಗ್‌ಪೊ ತೀರದ ಸುತ್ತಲಿನ ಮನೆ, ಮರಗಳನ್ನು ಸುಟ್ಟ ಬೆಂಕಿಯನ್ನು ಹಬ್ಬಿಸಿದ್ದು ಅಂತಹ ಗಾಳಿಯೇ.

ಒಬ್ಬಳೇ ಹೆಂಗಸು ರಾತ್ರಿ ನಡೆಯುವಾಗ ಮೂರು ಊರುಗಳಲ್ಲೂ ನನಗೆ ಅಳುಕು ಎನಿಸಲಿಲ್ಲ. ದಾರಿ ಹುಡುಕಲು ಮೂರೂ ಕಡೆ ನೇವರ್ ಮ್ಯಾಪ್ ಸಾಕು. ಸಾರಿಗೆ ಕಾರ್ಡಿಗೆ ಹಣ ತುಂಬಲು ಸ್ವಲ್ಪ ನಗದು ಇಟ್ಟುಕೊಳ್ಳಿ.

ಮಾಂಸ, ಮೀನು ಆಗುವವರು, ತಡರಾತ್ರಿಯ ಊರು ಬೇಕೆನ್ನುವವರು, ಅಥವಾ ಸೋಮವಾರವೂ ರಜೆ ಇರುವವರು ಬುಸಾನ್‌ಗೇ ಹೋಗಬಹುದು. ಮೂರನೇ ದಿನ ಸಿಕ್ಕರೆ ಲಘು ರೈಲಿನಲ್ಲಿ ಗಿಮ್ಹೆಗೆ ಹೋಗಿ, ಭಾರತದಿಂದ ಕಡಲು ದಾಟಿ ಬಂದಳೆಂದು ಅಲ್ಲಿನವರು ನಂಬುವ ರಾಣಿ ಹೊ ಹ್ವಾಂಗ್-ಓಕ್‌ಳ ಸಮಾಧಿ ನೋಡಿ. ಬೆಟ್ಟ ಹತ್ತುವ ಆಸೆ ಇದ್ದವರಿಗೆ ಸೊಕ್ಚೊ, ಆದರೆ ಊಟಕ್ಕೆ ಒಬ್ಬ ಗೆಳತಿಯನ್ನು ಕರೆದುಕೊಂಡು. ನನ್ನ ಹಾಗೆ ಬೆಳಗಿನ ಜಾವ ಎದ್ದು ನಡೆಯುವ, ಸೊಪ್ಪು ಕಾಳು ತಿನ್ನುವ, ಜೇಬು ನೋಡಿಕೊಳ್ಳುವ ಒಬ್ಬರಿಗೆ ಗಾಂಗ್‌ನುಂಗ್. ರೈಲಿನ ಟಿಕೆಟ್ ಒಂದು ತಿಂಗಳು ಮೊದಲು ಬೆಳಿಗ್ಗೆ ಏಳಕ್ಕೆ ಬಿಡುತ್ತಾರೆ. ಶನಿವಾರ ಬೆಳಗಿನ ಗಾಡಿಗಿಂತ ಮೊದಲು ಭಾನುವಾರ ಸಂಜೆಯದನ್ನು ಕಾಯ್ದಿರಿಸಿಕೊಳ್ಳಿ, ಬೇಗ ತುಂಬುವುದು ಅದೇ.